ಗ್ರ್ಯಾಂಡ್ ಕ್ಯಾನಿಯನ್ ರಾಫ್ಟಿಂಗ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಮಂಗಳೂರು, ಉಡುಪಿ, ಮಣಿಪಾಲದ ಕಡೆಯಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರ ಪ್ರವಾಸಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಇದ್ದೇ ಇರುತ್ತದೆ. ಹೆಚ್ಚಿನವರು ಲಾಸ್ ವೇಗಸ್‌ನಿಂದ ಬೆಳಿಗ್ಗೆ ಹೊರಟು, ಕಣಿವೆಯ ದಕ್ಷಿಣ ಅಂಚಿನಲ್ಲಿ ಒಂದೆರಡು ಗಂಟೆ ನಿಂತು, ಫೋಟೊ ತೆಗೆದು, ರಾತ್ರಿಯೊಳಗೆ ಹಿಂದಿರುಗುತ್ತಾರೆ. ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಹರಿಯುವ ಕೊಲೊರಾಡೊ ನದಿ ಆ ಅಂಚಿನ ಎಷ್ಟೋ ಕಡೆಗಳಿಂದ ಕಾಣುವುದೇ ಇಲ್ಲ. ಆ ನದಿಯ ಮೇಲೆಯೇ ದೋಣಿಯಲ್ಲಿ ಕುಳಿತು, ಮರಳ ದಂಡೆಗಳಲ್ಲಿ ರಾತ್ರಿ ಕಳೆಯುತ್ತಾ ಕಣಿವೆಯ ಉದ್ದಕ್ಕೂ ಸಾಗುವ ರಾಫ್ಟಿಂಗ್ ಪ್ರವಾಸವೊಂದನ್ನು ಅಕ್ಕ ಮತ್ತು ಭಾವನ ಜೊತೆ ಮುಗಿಸಿ ಬಂದ ಮೇಲೆ, ಊರಿನಲ್ಲಿ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುವುದು ಲೇಸೆನಿಸಿತು.

ಕಂಪನಿಯ ಹೆಸರು ಇಲ್ಲಿ ಬೇಡ. ರಾಷ್ಟ್ರೀಯ ಉದ್ಯಾನದ ಆಡಳಿತದಿಂದ ಪರವಾನಗಿ ಪಡೆದ ಹಲವು ಕಂಪನಿಗಳು ಒಂದೇ ನದಿಯಲ್ಲಿ, ಒಂದೇ ನಿಯಮಗಳಡಿ, ಹೆಚ್ಚುಕಡಿಮೆ ಒಂದೇ ಬಗೆಯ ಪ್ರವಾಸ ನಡೆಸುತ್ತವೆ; ಆದ್ದರಿಂದ ಇಲ್ಲಿನ ಹೊಗಳಿಕೆ, ಆಕ್ಷೇಪ ಎರಡೂ ಬೇರೆ ಕಂಪನಿಯನ್ನು ಆಯ್ದುಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಭಸದ ನೀರಿನಲ್ಲಿ ದೋಣಿ ನಡೆಸುವ ಉತ್ಸಾಹವಷ್ಟೇ ಇದ್ದರೆ ಇಷ್ಟು ದೂರ, ಇಷ್ಟು ಖರ್ಚು ಮಾಡಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಹೆಬ್ರಿಯ ಹತ್ತಿರ ಸೀತಾನದಿಯಲ್ಲಿ ಹುಟ್ಟು ಹಾಕಿದರೆ ಆ ಆಸೆ ಅರ್ಧ ದಿನದಲ್ಲಿ ತೀರುತ್ತದೆ. ಈ ಪ್ರವಾಸದ ಬೆಲೆ ಇರುವುದು ಕಲ್ಲಿನಲ್ಲಿ. ಕಲ್ಲಿನ ಬಳಿ ದೋಣಿ ನಿಲ್ಲಿಸಿ, ಕೈಯಿಂದ ಮುಟ್ಟಿಸಿ, ತಾಳ್ಮೆಯಿಂದ ವಿವರಿಸುವವರು ಸಿಕ್ಕಿದರೆ ಕೊಟ್ಟ ದುಡ್ಡು ವಸೂಲಿ. ಸಿಗದಿದ್ದರೆ ಅದು ಸುಡುಬಿಸಿಲಿನ ದುಬಾರಿ ದೋಣಿಯಾನ. ನಮಗೆ ಎರಡೂ ಅಷ್ಟಷ್ಟು ಸಿಕ್ಕಿತು.

ಪ್ರವಾಸ ಆರಂಭವಾಗುವುದು ಅರಿಜೋನಾ ರಾಜ್ಯದ ಲೀಸ್ ಫೆರಿ ಎಂಬಲ್ಲಿ, ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಿಂದ ಸುಮಾರು 15 ಮೈಲಿ ಕೆಳಗೆ. ನದಿಯ ಮೈಲಿಗಳನ್ನು ಎಣಿಸುವುದೂ ಅಲ್ಲಿಂದಲೇ. ಕಣಿವೆ ಮುಗಿಯುವ ತನಕ 277 ಮೈಲಿ, ಅಂದರೆ 446 ಕಿಲೋಮೀಟರ್. ದೋಣಿಗಳಲ್ಲಿ ಹಲವು ಬಗೆ ಉಂಟು. ಸುಮಾರು 35 ಅಡಿ ಉದ್ದದ, ಹಿಂಬದಿಯಲ್ಲಿ ನಮ್ಮ ನಾಡದೋಣಿಗಳಿಗೆ ಕಟ್ಟುವ ಜಾತಿಯದೇ ಔಟ್‌ಬೋರ್ಡ್ ಎಂಜಿನ್ ಇರುವ ದೊಡ್ಡ ರಬ್ಬರ್ ದೋಣಿ ಒಂದು. ಮಾರ್ಗದರ್ಶಕರೇ ಹುಟ್ಟು ಹಾಕುವ ಸುಮಾರು 18 ಅಡಿಯ ಚಿಕ್ಕ ದೋಣಿ ಇನ್ನೊಂದು. ಪ್ರಯಾಣಿಕರೆಲ್ಲ ಸೇರಿ ಹುಟ್ಟು ಹಾಕುವ ರಾಫ್ಟ್ ಮತ್ತು ಡೋರಿ ಎಂಬ ಗಟ್ಟಿ ಮೈಯ ದೋಣಿಯೂ ಇವೆ. ಎಂಜಿನ್ ದೋಣಿ ಒಂದು ವಾರದಲ್ಲಿ ಕ್ರಮಿಸುವ ದೂರಕ್ಕೆ ಹುಟ್ಟಿನ ದೋಣಿಗೆ ಸುಮಾರು ಎರಡು ವಾರ ಬೇಕು. ಭಾವನ ಮಂಡಿನೋವು, ರಜೆಯ ಲೆಕ್ಕ ಎಲ್ಲ ಕೂಡಿಸಿ ನಾವು ಎಂಜಿನ್ ದೋಣಿಯನ್ನೇ ಆಯ್ದೆವು. ಶುಲ್ಕ ತಲಾ ಮೂರು ಸಾವಿರ ಡಾಲರ್ ದಾಟಿತು. ಹಿಂದಿನ ರಾತ್ರಿಯ ಹೋಟೆಲ್, ಕೊನೆಯಲ್ಲಿ ಕೊಡಲೇಬೇಕಾದ ಟಿಪ್ಸ್ ಇವೆಲ್ಲ ಅದರ ಹೊರಗೆ. ಟಿಪ್ಸ್ ಎಂಬುದು ಅಲ್ಲಿ ಮನಸ್ಸಿದ್ದರೆ ಕೊಡುವ ಚಿಲ್ಲರೆಯಲ್ಲ, ಸಂಬಳದ ಭಾಗವೇ ಎಂದು ತಿಳಿದು ಮೊದಲೇ ಎತ್ತಿಡುವುದು ಒಳ್ಳೆಯದು.

ನಮ್ಮ ಕಂಪನಿ ಈ ಪ್ರವಾಸವನ್ನು ಭೂವಿಜ್ಞಾನಕ್ಕೆ ಮೀಸಲಾದ ವಿಶೇಷ ಪ್ರವಾಸ ಎಂದು ಪ್ರಚಾರ ಮಾಡಿತ್ತು. ತಂಡದ ಜೊತೆಗೆ ಭೂವಿಜ್ಞಾನಿಯೊಬ್ಬರು ಇರುತ್ತಾರೆ ಎಂಬ ಭರವಸೆಯೂ ಇತ್ತು. ನಾವು ಅದನ್ನೇ ಆರಿಸಿದ್ದಕ್ಕೆ ಕಾರಣ ಭಾವ. ಬಂಟ್ವಾಳ ತಾಲೂಕಿನಲ್ಲಿ ವರ್ಷಗಟ್ಟಲೆ ಕೆಂಪು ಕಲ್ಲಿನ ಕೋರೆ ನಡೆಸಿದ ಅವರಿಗೆ ಕಲ್ಲಿನ ವಿಷಯದಲ್ಲಿ ಓದಿಗಿಂತ ಕೈಯ ಅನುಭವ ಹೆಚ್ಚು. ಎಲ್ಲಿಯೇ ಆಗಲಿ ಕಲ್ಲು ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಮುಂದೆ ಹೋಗುವವರಲ್ಲ.

ಲೀಸ್ ಫೆರಿ ದಾಟಿದ ಕೆಲವೇ ಹೊತ್ತಿನಲ್ಲಿ ನೀರಿನ ಅಂಚಿನಿಂದ ಕೈಬಾಬ್ ಸುಣ್ಣಕಲ್ಲು ತಲೆ ಎತ್ತುತ್ತದೆ. ದಕ್ಷಿಣ ಅಂಚಿನಲ್ಲಿ ಪ್ರವಾಸಿಗರು ಫೋಟೊಕ್ಕೆ ನಿಲ್ಲುವ ನೆಲವೂ ಇದೇ ಪದರ, ಸುಮಾರು 27 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿದ್ದು. ಇಲ್ಲಿ ಪದರಗಳು ನದಿ ಹರಿಯುವ ದಿಕ್ಕಿಗೆ ಮೇಲೇರುತ್ತಾ ಹೋಗುತ್ತವೆ, ನದಿಯೋ ಇಳಿಯುತ್ತಾ ಹೋಗುತ್ತದೆ. ಹೀಗಾಗಿ ಸುಮ್ಮನೆ ದೋಣಿಯಲ್ಲಿ ಕುಳಿತವನ ಕಣ್ಣೆದುರಿಗೆ ಹಳೆಯ ಪದರಗಳು ಒಂದರ ಕೆಳಗೊಂದು ನೀರಿನಿಂದ ಎದ್ದು ಬರುತ್ತವೆ, ಬೆಳಿಗ್ಗೆ ಕೈಗೆಟಕುವ ಎತ್ತರದಲ್ಲಿದ್ದ ಕಲ್ಲು ಸಂಜೆಗೆ ಕತ್ತು ಪೂರ್ತಿ ಎತ್ತಿದರೆ ಮಾತ್ರ ಕಾಣುವಷ್ಟು ಮೇಲೆ ಹೋಗಿರುತ್ತದೆ. ಕೊಕೊನಿನೊ ಮರಳುಗಲ್ಲು ಒಂದು ಕಾಲದ ಮರುಭೂಮಿಯ ಮರಳ ದಿಬ್ಬಗಳು ಗಟ್ಟಿಯಾಗಿ ಉಳಿದದ್ದು. ಗಾಳಿ ಮರಳನ್ನು ಒಟ್ಟಿದ ಓರೆ ಗೆರೆಗಳು ಅದರ ಮೈಯಲ್ಲಿ ಈಗಲೂ ಸ್ಪಷ್ಟ. ಅದರಡಿಯಲ್ಲಿ ಹರ್ಮಿಟ್ ಪದರದ ಕೆಂಪು ಮಣ್ಣುಗಲ್ಲು, ಅದರಡಿಯಲ್ಲಿ ಸುಪಾಯ್ ಗುಂಪು. ಲೀಸ್ ಫೆರಿಯಿಂದ ಸುಮಾರು 23 ಮೈಲಿ ಇಳಿಯುವಾಗ ರೆಡ್‌ವಾಲ್ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ, 34 ಕೋಟಿ ವರ್ಷ ಹಳೆಯದು. ಹೆಸರಿನಲ್ಲೂ ನೋಟದಲ್ಲೂ ಅದು ಕೆಂಪು ಗೋಡೆಯೇ.

ಭಾವ ಆ ಗೋಡೆಯನ್ನು ಒಂದು ಗಳಿಗೆ ನೋಡಿ, "ಇದರ ಮೈಬಣ್ಣ ಕೆಂಪಲ್ಲ ಮಾರಾಯ, ಮೇಲಿನಿಂದ ಇಳಿದ ಕೆಂಪು ಇದು. ಅಲ್ಲಿ ತುಂಡಾದ ಜಾಗ ನೋಡು," ಎಂದರು. ಈಚೆಗೆ ಬಂಡೆ ಕಳಚಿ ಬಿದ್ದಿದ್ದ ಒಂದು ಕಡೆ ಒಳಮೈ ತಿಳಿ ಬೂದು ಬಣ್ಣದ್ದಾಗಿತ್ತು. ಮಧ್ಯಾಹ್ನ ಭೂವಿಜ್ಞಾನಿ ಹೇಳಿದ್ದೂ ಅದನ್ನೇ: ಹರ್ಮಿಟ್ ಮತ್ತು ಸುಪಾಯ್ ಪದರಗಳಲ್ಲಿರುವ ಕಬ್ಬಿಣದ ಆಕ್ಸೈಡ್ ಮಳೆನೀರಿನ ಜೊತೆ ಇಳಿದು ಬೂದು ಸುಣ್ಣಕಲ್ಲಿಗೆ ಹೊರಗಿನಿಂದ ಬಣ್ಣ ಬಳಿದಿದೆ. ನಮ್ಮ ಕೋರೆಗಳ ಮುರಕಲ್ಲಿನ (ಲ್ಯಾಟರೈಟ್) ಕೆಂಪಿಗೆ ಕಾರಣವೂ ಕಬ್ಬಿಣದ ಆಕ್ಸೈಡೇ. ಆದರೆ ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವನ್ನು ಅರಿತರೆ ಕಣಿವೆ ಯಾಕೆ ಹಾಗೆ ಕಾಣುತ್ತದೆ ಎಂಬುದು ಅರ್ಥವಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ ಮತ್ತು ಸೆಕೆ ಸೇರಿ ತಳದ ಬಂಡೆಯನ್ನು ಕೊಳೆಸಿ, ಕರಗುವುದನ್ನೆಲ್ಲ ತೊಳೆದು, ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳಿಂದ ಮುರಕಲ್ಲು ಮಾಡುತ್ತವೆ. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಡು. ನಮ್ಮ ಕಾಲಡಿಯ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು, ಗ್ರ್ಯಾಂಡ್ ಕ್ಯಾನಿಯನ್ನಿನ ಯಾವುದೇ ಕಲ್ಲಿಗಿಂತ ಹಿರಿಯವು. ಆದರೂ ಅವು ಕಾಣುವುದು ಬಾವಿ ತೋಡಿದಾಗ, ರಸ್ತೆಗಾಗಿ ಗುಡ್ಡ ಕಡಿದಾಗ. ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವ ಮಳೆ 250 ಮಿಲಿಮೀಟರ್‌ಗೂ ಕಡಿಮೆ. ಮಳೆ ಹೆಚ್ಚಿರುವ ನಾಡಿನಲ್ಲಿ ಕರಗಿ ತಗ್ಗಾಗುವ ಸುಣ್ಣಕಲ್ಲು ಅಲ್ಲಿ ನೆಟ್ಟಗಿನ ಗೋಡೆಯಾಗಿ ನಿಲ್ಲುತ್ತದೆ. ಮೆದುವಾದ ಶೇಲ್ ಎಂಬ ಜೇಡಿಗಲ್ಲು ಮಾತ್ರ ಉದುರಿ ಇಳಿಜಾರಾಗುತ್ತದೆ. ಗೋಡೆ, ಇಳಿಜಾರು, ಮತ್ತೆ ಗೋಡೆ ಎಂಬ ಆ ಮೆಟ್ಟಿಲುಗಳೆಲ್ಲ ಬರಗಾಲದ ಕೆಲಸ.

ರೆಡ್‌ವಾಲ್ ಪದರದಲ್ಲಿ ಎರಡು ನಿಲುಗಡೆಗಳು ಇದ್ದವು. 33ನೇ ಮೈಲಿಯ ರೆಡ್‌ವಾಲ್ ಕ್ಯಾವರ್ನ್ ಎಂಬ ವಿಶಾಲ ಗುಹೆಯನ್ನು 1869ರಲ್ಲಿ ಈ ನದಿಯಲ್ಲಿ ಮೊದಲ ವೈಜ್ಞಾನಿಕ ಯಾನ ನಡೆಸಿದ ಜಾನ್ ವೆಸ್ಲಿ ಪೊವೆಲ್, ಐವತ್ತು ಸಾವಿರ ಜನ ಕೂರಬಹುದಾದ ಜಾಗ ಎಂದು ಅಂದಾಜಿಸಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಪೊವೆಲ್ ಒಂದೇ ಕೈಯಲ್ಲಿ ಬಂಡೆ ಹತ್ತಿ ಅಳತೆ ತೆಗೆಯುತ್ತಿದ್ದವರು. ಅಂದಾಜು ಮಾತ್ರ ಸ್ವಲ್ಪ ಧಾರಾಳವಾಯಿತು. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿಂದ ಒಂದೆರಡು ಮೈಲಿ ಮುಂದಿನ ನಾಟಿಲಾಯ್ಡ್ ಎಂಬ ಚಿಕ್ಕ ಅಡ್ಡಕಣಿವೆ. ನೆಲ ಬರಿಯ ಬೂದು ಕಲ್ಲು, ಏನೂ ಇಲ್ಲ ಎನ್ನಿಸುವಂಥದ್ದು. ದೋಣಿ ನಡೆಸುವಾಕೆ ಬಾಟಲಿಯಲ್ಲಿ ತಂದಿದ್ದ ನದಿ ನೀರನ್ನು ಅದರ ಮೇಲೆ ಚೆಲ್ಲಿದಳು. ಒದ್ದೆಯಾದ ಕಡೆ ಕಲ್ಲು ಕಪ್ಪಾಯಿತು, ಅದರೊಳಗೆ ಮೊಳಕೈಯಷ್ಟು ಉದ್ದದ ಮೊನಚು ಆಕಾರವೊಂದು ಬಿಳಿಚಿಕೊಂಡು ಮೂಡಿತು. ಅಡ್ಡಲಾಗಿ ಒಂದರ ಪಕ್ಕ ಒಂದು ಸಣ್ಣ ಕೋಣೆಗಳ ಗೆರೆ. ಇಂದಿನ ಕಪ್ಪೆಬೊಂಡಾಸಿನ ದೂರದ ಸಂಬಂಧಿಯಾದ, ನೆಟ್ಟಗಿನ ಚಿಪ್ಪಿನ ಸಮುದ್ರಜೀವಿ ಅದು. ಮರುಭೂಮಿಯ ಬಿಸಿಗೆ ನೀರು ಆರಿ ಆಕಾರ ಮತ್ತೆ ಕಲ್ಲಿನೊಳಗೆ ಸೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾವ ತಮ್ಮ ಬಾಟಲಿಯ ಕುಡಿಯುವ ನೀರನ್ನೂ ಸುರಿದು ಇನ್ನೊಮ್ಮೆ ನೋಡಿದರು, ಅಕ್ಕನಿಂದ ಬೈಸಿಕೊಂಡರು.

ಇನ್ನು ಆಕ್ಷೇಪದ ಮಾತು. ತಂಡ ಎರಡು ದೋಣಿಗಳಲ್ಲಿ ಸಾಗುತ್ತಿತ್ತು, ಭೂವಿಜ್ಞಾನಿ ಇದ್ದದ್ದು ಒಬ್ಬರೇ. ಅವರು ಮೊದಲಿನಿಂದಲೂ ಮುಂದಿನ ದೋಣಿಯಲ್ಲೇ ಕುಳಿತರು. ಹಿಂದಿನ ದೋಣಿಯವರಾದ ನಮಗೆ ಸಿಕ್ಕಿದ್ದು ಊಟದ ವೇಳೆ, ಶಿಬಿರದ ಹೊತ್ತಿನಲ್ಲಿ ಹೇಳಿದ ಸಾರಾಂಶ ಮಾತ್ರ. ಪದರಗಳು ಕಣ್ಣೆದುರು ಬದಲಾಗುತ್ತಿರುವಾಗ ಬೆರಳು ಮಾಡಿ ತೋರಿಸುವವರಿರಲಿಲ್ಲ. ವಿಶೇಷ ಪ್ರವಾಸವೆಂದು ಹೆಚ್ಚು ಶುಲ್ಕ ಪಡೆದ ಮೇಲೆ ಇದು ಸಣ್ಣ ಲೋಪವಲ್ಲ. ಎಂಜಿನ್ ಓಡುತ್ತಿರುವಾಗ ಮುಂದಿನ ದೋಣಿಯವರಿಗೂ ಅರ್ಧ ಮಾತು ಕೇಳಿಸುತ್ತಿರಲಿಲ್ಲವಂತೆ. ಅಕ್ಕ ಎರಡನೆಯ ಸಂಜೆ ತಂಡದ ಮುಖ್ಯಸ್ಥರ ಬಳಿ ನೇರವಾಗಿ ಹೇಳಿದ ಮೇಲೆ ವ್ಯವಸ್ಥೆ ಬದಲಾಯಿತು: ಭೂವಿಜ್ಞಾನಿ ಮಧ್ಯಾಹ್ನದ ತನಕ ಒಂದು ದೋಣಿಯಲ್ಲಿ, ಆಮೇಲೆ ಇನ್ನೊಂದರಲ್ಲಿ, ಶಾಂತ ನೀರಿನಲ್ಲಿ ಆಗಾಗ ಎಂಜಿನ್ ನಿಲ್ಲಿಸಿ ಪ್ರವಾಹಕ್ಕೆ ಬಿಟ್ಟು ಸಾಗುವುದು. ಹೇಳಿದ್ದಕ್ಕೆ ಮುಖ ಗಂಟಿಕ್ಕದೆ ತಿದ್ದಿಕೊಂಡರು ಎಂಬುದನ್ನು ಅವರ ಪರವಾಗಿ ಬರೆಯಲೇಬೇಕು. ಹಂಚಿದ ಪದರಗಳ ಪಟ್ಟಿಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಕಣಿವೆಯಲ್ಲಿ ಮುಂದೆ ಸಿಗುವ ಟಪೀಟ್ಸ್ ಎಂಬ ಮರಳುಗಲ್ಲಿಗೆ ಅದರಲ್ಲಿ ಹಳೆಯ ಅಂದಾಜಿನ 54.5 ಕೋಟಿ ವರ್ಷ ಎಂದೇ ಇತ್ತು. ಆ ಕಲ್ಲಿನೊಳಗಿನ, ವಯಸ್ಸು ಅಳೆಯಲು ನೆರವಾಗುವ ಜಿರ್ಕಾನ್ ಹರಳುಗಳ ಮೇಲೆ ಈಚೆಗೆ ನಡೆದ ಕೆಲಸ ಅದು 50.8 ಕೋಟಿ ವರ್ಷಕ್ಕಿಂತ ಹಳೆಯದಲ್ಲ ಎಂದು ತೋರಿಸಿದೆ. ಭೂವಿಜ್ಞಾನದ ಹೆಸರಿನಲ್ಲಿ ದುಡ್ಡು ಪಡೆಯುವವರು ಇಷ್ಟಾದರೂ ನೋಡಿಕೊಳ್ಳಬೇಕು.

ಲಿಟ್ಲ್ ಕೊಲೊರಾಡೊ ನದಿ ಬಂದು ಸೇರುವ 61ನೇ ಮೈಲಿಯಲ್ಲಿ ನೀರು ಹಾಲು ಬೆರೆಸಿದ ನೀಲಿಯಾಗಿರುತ್ತದೆಂದು ಎಲ್ಲರೂ ವರ್ಣಿಸುತ್ತಾರೆ; ಕರಗಿದ ಸುಣ್ಣದ ಅಂಶ ಅದಕ್ಕೆ ಕಾರಣ. ಮೇಲೆಲ್ಲೋ ಮಳೆಯಾಗಿದ್ದರಿಂದ ನಮಗೆ ಸಿಕ್ಕಿದ್ದು ನೇತ್ರಾವತಿಯಲ್ಲಿ ಆಷಾಢದಲ್ಲಿ ಕಾಣುವ ಕೆಂಪು ನೀರು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

77ನೇ ಮೈಲಿಯ ಬಳಿ, ನೀರು ಬಂಡೆಗಳ ನಡುವೆ ರಭಸದಿಂದ ನುಗ್ಗುವ ಹ್ಯಾನ್ಸ್ ರ‍್ಯಾಪಿಡ್ ದಾಟಿದ ಮೇಲೆ ಕಣಿವೆಯ ಸ್ವಭಾವವೇ ಬದಲಾಗುತ್ತದೆ. ಅಡ್ಡ ಪದರಗಳು ಮಾಯವಾಗಿ, ನೀರಿನಿಂದ ನುಣ್ಣಗೆ ಸವೆದ ಕಪ್ಪು ಶಿಸ್ಟ್ ಬಂಡೆ ಎರಡೂ ಕಡೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಸೀಳಿಕೊಂಡು ನಸುಗೆಂಪು ಗ್ರಾನೈಟ್‌ನ ಎಳೆಗಳು ಮೇಲಕ್ಕೆ ಓಡುತ್ತವೆ. ಇವುಗಳಿಗೆ ವಿಷ್ಣು ಶಿಸ್ಟ್, ಬ್ರಹ್ಮ ಶಿಸ್ಟ್, ರಾಮ ಶಿಸ್ಟ್ ಎಂದು ಹೆಸರು. 19ನೇ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಕಣಿವೆಯ ಶಿಖರಗಳಿಗೆ ಪೂರ್ವದೇಶಗಳ ದೇವರ ಹೆಸರಿಡುವ ಪದ್ಧತಿ ಹಾಕಿಕೊಟ್ಟರು, ಕಲ್ಲಿನ ಹೆಸರುಗಳೂ ಅದೇ ಜಾಡಿನಲ್ಲಿ ಬಂದವು. ವಿಷ್ಣು ಶಿಸ್ಟ್ ಮೂಲದಲ್ಲಿ ಸಮುದ್ರದ ಕೆಸರು ಮತ್ತು ಮರಳು, ಬ್ರಹ್ಮ ಮತ್ತು ರಾಮ ಶಿಸ್ಟ್‌ಗಳು ಜ್ವಾಲಾಮುಖಿಯ ಕಲ್ಲು. ಸುಮಾರು 175 ಕೋಟಿ ವರ್ಷಗಳ ಹಿಂದಿನ ಅವು ಆಳದಲ್ಲಿ ಬೆಂದು, ಒತ್ತಿ, ಮಡಚಿ ಈ ರೂಪಕ್ಕೆ ಬಂದಿವೆ.

ಇಡೀ ಪ್ರವಾಸದಲ್ಲಿ ಒಂದೇ ನಿಲುಗಡೆಗಾಗಿ ದುಡ್ಡು ಕೊಡಬೇಕೆಂದರೆ ನಾನು 120ನೇ ಮೈಲಿಯ ಬ್ಲ್ಯಾಕ್‌ಟೇಲ್ ಅಡ್ಡಕಣಿವೆಗೆ ಕೊಡುತ್ತೇನೆ. ಅಗಲ ಕಡಿಮೆಯ, ನೆರಳಿರುವ ಓಣಿ. ನಡಿಗೆ ಸುಲಭ, ಭಾವನ ಮಂಡಿಯೂ ಒಪ್ಪಿತು. ಅಲ್ಲಿ ಟಪೀಟ್ಸ್ ಮರಳುಗಲ್ಲು ಹಳೆಯ ಶಿಸ್ಟ್ ಮೇಲೆ ನೇರವಾಗಿ ಕುಳಿತಿರುವುದನ್ನು ಎದೆಮಟ್ಟದಲ್ಲಿ ನೋಡಬಹುದು. ಕೆಳಗಿನ ಶಿಸ್ಟ್‌ನ ಪದರಗಳು ಹೆಚ್ಚುಕಡಿಮೆ ಲಂಬವಾಗಿ ನಿಂತಿವೆ. ಅವುಗಳ ತಲೆಯನ್ನು ಒಂದೇ ಮಟ್ಟಕ್ಕೆ ಯಾರೋ ಸವರಿ ಹಾಕಿದಂತಿದೆ. ಅದರ ಮೇಲೆ ಬಿಳಿ ಬೆಣಚುಕಲ್ಲಿನ ಹರಳುಗಳು ಸಿಕ್ಕಿಕೊಂಡ ಒರಟು ಮರಳುಗಲ್ಲು ಅಡ್ಡಡ್ಡ ಮಲಗಿದೆ. ಹೆಬ್ಬೆರಳನ್ನು ಶಿಸ್ಟ್ ಮೇಲೂ ಕಿರುಬೆರಳನ್ನು ಮರಳುಗಲ್ಲಿನ ಮೇಲೂ ಇಟ್ಟರೆ ನಡುವಿನ ಗೇಣಿನಲ್ಲಿ ಸುಮಾರು 120 ಕೋಟಿ ವರ್ಷಗಳ ಲೆಕ್ಕ ಸಿಗುವುದಿಲ್ಲ. ಆ ಅವಧಿಯಲ್ಲಿ ಪರ್ವತಗಳು ಎದ್ದು, ಸವೆದು, ನೆಲಸಮವಾಗಿ, ಆಮೇಲೆ ಸಮುದ್ರ ಬಂದು ಮರಳು ಹಾಸಿತು. ಭೂವಿಜ್ಞಾನಿ ಇಷ್ಟನ್ನು ಹೇಳಿ ಸುಮ್ಮನಾದರು. ಅದು ಅವರ ಒಳ್ಳೆಯ ಗುಣ. ಭಾವ ತಟ್ಟಿ ನೋಡಿದರು. ಮೇಲಿನದು ಒಂದು ಸದ್ದು, ಕೆಳಗಿನದು ಇನ್ನೊಂದು. "ಕೋರೆಯಲ್ಲಿ ಜೇಡಿಮಣ್ಣು ಬಂದರೆ ಕಲ್ಲು ಮುಗಿಯಿತು ಅಂತ ಲೆಕ್ಕ. ಇಲ್ಲಿ ಮುಗಿದದ್ದರ ಮೇಲೆಯೇ ಶುರುವಾದದ್ದು ಉಂಟಲ್ಲ," ಎಂದರು. ಕಂಪನಿ ಇಲ್ಲಿ ಅರ್ಧ ಗಂಟೆಗೂ ಹೆಚ್ಚು ಬಿಡುವು ಕೊಟ್ಟಿತು, ಯಾರನ್ನೂ ಅವಸರಿಸಲಿಲ್ಲ.

ಒಂದು ಗೊಂದಲ ಮಾತ್ರ ಪ್ರವಾಸದ ಕೊನೆಯವರೆಗೂ ಹಲವರಲ್ಲಿ ಉಳಿದಿತ್ತು: ಕಲ್ಲಿನ ವಯಸ್ಸನ್ನೇ ಕಣಿವೆಯ ವಯಸ್ಸೆಂದು ತಿಳಿಯುವುದು. ಕಲ್ಲು ಹಳೆಯದು, ಕಣಿವೆ ಹೊಸದು. ಕೊಲೊರಾಡೊ ನದಿ ಈಗಿನ ಹಾದಿ ಹಿಡಿದು ಕ್ಯಾಲಿಫೋರ್ನಿಯಾ ಕೊಲ್ಲಿಯವರೆಗೆ ಹರಿಯತೊಡಗಿ 50ರಿಂದ 60 ಲಕ್ಷ ವರ್ಷಗಳಷ್ಟೇ ಆಗಿವೆ. ಕೆಲವು ಭಾಗಗಳಲ್ಲಿ ಅದಕ್ಕಿಂತ ಬಹಳ ಹಿಂದಿನ ಹಳೆಯ ಕಣಿವೆಗಳನ್ನೇ ಅದು ಬಳಸಿಕೊಂಡಿತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಇನ್ನೂ ನಡೆದಿದೆ. ಇದನ್ನು ಪ್ರವಾಸದ ಮೊದಲ ಸಂಜೆಯೇ ಬಿಡಿಸಿ ಹೇಳಬೇಕಿತ್ತು.

ಕಣಿವೆಯ ಪಶ್ಚಿಮ ಭಾಗದಲ್ಲಿ ಇನ್ನೂ ಹೊಸ ಕಲ್ಲುಗಳಿವೆ. ಸುಮಾರು ಎಂಟು ಲಕ್ಷ ವರ್ಷಗಳಿಂದ ಈಚೆಗೆ ಉತ್ತರದ ಅಂಚಿನ ಜ್ವಾಲಾಮುಖಿಗಳಿಂದ ಲಾವಾ ಕಣಿವೆಯೊಳಗೆ ಸುರಿದು ನದಿಗೆ ಹಲವು ಬಾರಿ ಅಡ್ಡಗಟ್ಟಿದೆ, ನದಿ ಪ್ರತಿ ಬಾರಿಯೂ ಅದನ್ನು ಒಡೆದು ಮುಂದೆ ಹೋಗಿದೆ. ಗೋಡೆಗಳಿಗೆ ಅಂಟಿ ಉಳಿದಿರುವ ಆ ಬಸಾಲ್ಟ್‌ನಲ್ಲಿ ಐದು, ಆರು ಮೂಲೆಯ ಕಂಬಗಳು ಸಾಲುಸಾಲಾಗಿ ಕಾಣುತ್ತವೆ. ಅಕ್ಕ ನೋಡಿದವರೇ, "ಇದು ನಮ್ಮ ಮಲ್ಪೆಯ ಸೈಂಟ್ ಮೇರೀಸ್‌ನದ್ದೇ ಕಲ್ಲಲ್ವಾ?" ಎಂದರು. ಕಂಬಗಳು ಆಗುವ ರೀತಿ ಅದೇ, ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಡುವುದು. ಕಲ್ಲು ಮಾತ್ರ ಬೇರೆ. ಸೈಂಟ್ ಮೇರೀಸ್ ದ್ವೀಪದ್ದು ಸಿಲಿಕಾ ಹೆಚ್ಚಿರುವ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನದು. ಇದನ್ನು ಕೇಳಿದ ಭೂವಿಜ್ಞಾನಿ ಆ ಸಂಜೆ ಶಿಬಿರದಲ್ಲಿ ಅಕ್ಕನ ಫೋನಿನಲ್ಲಿದ್ದ ದ್ವೀಪದ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಅಷ್ಟು ಹತ್ತಿರ ಇದ್ದೂ ನಾವು ಅಲ್ಲಿಗೆ ಸೂರ್ಯಾಸ್ತ ನೋಡಲು ಮಾತ್ರ ಹೋಗುತ್ತೇವೆ.

ರ‍್ಯಾಪಿಡ್‌ಗಳ ಬಗ್ಗೆ ಕೇಳುವವರೇ ಹೆಚ್ಚಾದ್ದರಿಂದ ಅದನ್ನೂ ಹೇಳುತ್ತೇನೆ. ಬೇರೆ ನದಿಗಳಲ್ಲಿ ಒಂದರಿಂದ ಆರು ಎಂಬ ದರ್ಜೆ ಇದ್ದರೆ ಇಲ್ಲಿ ಒಂದರಿಂದ ಹತ್ತು. ರಭಸದ ನೀರು ನದಿಯ ಉದ್ದದ ಹತ್ತನೇ ಒಂದು ಭಾಗದಷ್ಟು ಮಾತ್ರ, ಆದರೆ ನದಿಯ ಒಟ್ಟು ಇಳಿತದ ಅರ್ಧದಷ್ಟು ಅದರಲ್ಲೇ ಆಗುತ್ತದೆ. ಮಿಕ್ಕ ಹೊತ್ತು ದೋಣಿ ಶಾಂತವಾಗಿ ಸಾಗುತ್ತದೆ. ರ‍್ಯಾಪಿಡ್ ಹುಟ್ಟುವುದು ಹೆಚ್ಚಾಗಿ ಅಡ್ಡಕಣಿವೆಗಳ ಬಾಯಲ್ಲಿ. ಅಲ್ಲಿ ಜೋರು ಮಳೆಯಾದಾಗ ಕೆಸರು ಮತ್ತು ಬಂಡೆ ಒಟ್ಟಿಗೆ ನುಗ್ಗಿ ಬಂದು ನದಿಯನ್ನು ಕಿರಿದಾಗಿಸುತ್ತವೆ. 98ನೇ ಮೈಲಿಯ ಕ್ರಿಸ್ಟಲ್ ರ‍್ಯಾಪಿಡ್ ಅಷ್ಟು ಭೀಕರವಾದದ್ದು 1966ರ ಡಿಸೆಂಬರ್‌ನ ಒಂದೇ ಮಳೆಯಿಂದ. ಎಲ್ಲಕ್ಕಿಂತ ಹೆಸರಾದ 179ನೇ ಮೈಲಿಯ ಲಾವಾ ಫಾಲ್ಸ್‌ನಲ್ಲಿ ದೋಣಿಗಳನ್ನು ಮೇಲೆಯೇ ಕಟ್ಟಿ, ನಡೆಸುವವರು ದಡದ ಬಂಡೆ ಹತ್ತಿ ನೀರನ್ನು ಬಹಳ ಹೊತ್ತು ನೋಡಿದರು. ಯಾವ ಅಲೆ ಎಲ್ಲಿ ಮಗುಚುತ್ತದೆ, ಯಾವ ಬಂಡೆಯ ಹಿಂದೆ ಗುಂಡಿ ಇದೆ, ಎಲ್ಲಿ ಎಂಜಿನ್ ಮೇಲೆತ್ತಬೇಕು ಎಂಬ ಮಾತುಕತೆ. ಆಮೇಲೆ ಎಲ್ಲವೂ ಅರ್ಧ ನಿಮಿಷದ ಕೆಲಸ. ಪ್ರಯಾಣಿಕರು ಮಾಡಬೇಕಾದದ್ದು ಎರಡು ಕೈಯಲ್ಲೂ ಹಗ್ಗ ಹಿಡಿದು ಕೂರುವುದು. ಸೀತಾನದಿಯಲ್ಲಿ ಹುಟ್ಟು ಹಾಕಿದವರಿಗೆ ಇದು ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಸುರಕ್ಷತೆಯ ವಿಷಯದಲ್ಲಿ ಕಂಪನಿಗೆ ಪೂರ್ಣ ಅಂಕ. ನೀರಿನ ಮೇಲೆ ಲೈಫ್ ಜಾಕೆಟ್ ಪಟ್ಟಿ ಸಡಿಲಿಸಿದವರಿಗೆ ತಕ್ಷಣ ಎಚ್ಚರಿಕೆ ಬರುತ್ತಿತ್ತು.

ಸಮುದ್ರದಿಂದ ನೂರಾರು ಮೈಲಿ ದೂರದ ಈ ನದಿಯಲ್ಲಿ ಭರತ, ಇಳಿತ ಎರಡೂ ಉಂಟು ಎಂಬುದು ಕರಾವಳಿಯವರಾದ ನಮಗೆ ವಿಚಿತ್ರವಾಗಿ ಕಂಡಿತು. ಸಂಜೆ ಮರಳಿಗೆ ತಾಗಿ ನಿಲ್ಲಿಸಿದ ದೋಣಿ ಬೆಳಿಗ್ಗೆ ಒಣ ಮರಳಿನ ಮೇಲೆ ಕುಳಿತಿರಬಹುದು. ಕಾರಣ ಚಂದ್ರನಲ್ಲ, ವಿದ್ಯುತ್ತು. 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಬಾಗಿಲು ಮುಚ್ಚಿದಂದಿನಿಂದ ನದಿಗೆ ಎಷ್ಟು ನೀರು ಎಂಬುದನ್ನು ನಗರಗಳ ಹಗಲಿನ ವಿದ್ಯುತ್ ಬೇಡಿಕೆಯೂ ನಿರ್ಧರಿಸುತ್ತದೆ. ಮಧ್ಯಾಹ್ನ ಬಿಟ್ಟ ಹೆಚ್ಚಿನ ನೀರು ಕೆಳಗಿನ ಶಿಬಿರಗಳಿಗೆ ತಲುಪುವುದು ರಾತ್ರಿಯೋ ಮರುದಿನವೋ. ಡೇರೆ ಎಲ್ಲಿ ಹಾಕಬೇಕೆಂದು ಸಿಬ್ಬಂದಿ ಹೇಳಿದರೆ ಮರುಮಾತಿಲ್ಲದೆ ಕೇಳಬೇಕು. ಅಣೆಕಟ್ಟು ಮರಳನ್ನೂ ತಡೆದಿರುವುದರಿಂದ ದಂಡೆಗಳು ಸವೆಯುತ್ತಿವೆ. ಅವನ್ನು ತುಂಬಿಸಲು 1996ರಿಂದ ಆಗಾಗ ಉದ್ದೇಶಪೂರ್ವಕವಾಗಿ ದೊಡ್ಡ ಪ್ರವಾಹ ಬಿಡುತ್ತಾರೆ. ಮರಳಿಗಾಗಿ ಸರ್ಕಾರವೇ ನೆರೆ ತರಿಸುವ ಊರೂ ಇದೆ ಎಂದು ಭಾವ ನಕ್ಕರು.

ಶೌಚದ ವ್ಯವಸ್ಥೆಯನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು, ಏಕೆಂದರೆ ನಮ್ಮವರಿಗೆ ಕಷ್ಟವಾಗುವುದು ಅಲ್ಲೇ. ಮೂತ್ರ ನದಿಗೇ ಹೋಗಬೇಕು, ದಡದ ಒಣ ಮರಳಿಗಲ್ಲ. ಇದು ಸಲಹೆಯಲ್ಲ, ನಿಯಮ. ಮಲವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ಪ್ರವಾಸ ಮುಗಿಯುವ ತನಕ ದೋಣಿಯಲ್ಲೇ ಒಯ್ಯುತ್ತಾರೆ. ಆ ಡಬ್ಬಿಗೆ ನೀರು ಸುರಿಯುವಂತಿಲ್ಲ. ಅಕ್ಕ ಮೊದಲ ದಿನವೇ ಸಂಕೋಚ ಬಿಟ್ಟು ಸಿಬ್ಬಂದಿಯಲ್ಲಿದ್ದ ಹೆಂಗಸನ್ನು ಕೇಳಿದರು, ಒದ್ದೆ ಟಿಶ್ಯೂ ಬಳಸಿ ಬೇರೆ ಚೀಲಕ್ಕೆ ಹಾಕುವ ಉಪಾಯ ಸಿಕ್ಕಿತು. ಹೋಗುವವರು ಅದನ್ನು ಧಾರಾಳವಾಗಿ ಕೊಂಡೊಯ್ಯಿರಿ. ಡಬ್ಬಿಯನ್ನು ಇಡುತ್ತಿದ್ದ ಜಾಗ ಪ್ರತಿ ಶಿಬಿರದಲ್ಲೂ ಮರೆಯಲ್ಲಿತ್ತು, ಚೊಕ್ಕಟವಾಗಿತ್ತು. ಎದುರಿಗೆ ನದಿಯ ನೋಟ ಬೇರೆ.

ಊಟದಲ್ಲಿ ಕಂಪನಿ ಸಾಧಾರಣ. ಸಸ್ಯಾಹಾರಿಗಳೆಂದು ಬುಕ್ಕಿಂಗ್ ಸಮಯದಲ್ಲೇ ತಿಳಿಸಿದ್ದರೂ ಮೊದಲೆರಡು ಹೊತ್ತು ಮಾಂಸ ತೆಗೆದಿಟ್ಟ ಸ್ಯಾಂಡ್‌ವಿಚ್ ಕೊಟ್ಟರು; ಹೇಳಿದ ಮೇಲೆ ಬೇರೆ ಹಲಗೆ, ಬೇರೆ ಚಾಕು ಬಂತು. ಅವರೆ ಜಾತಿಯ ಕಾಳು, ಅನ್ನ, ತರಕಾರಿ ಸಿಗುತ್ತದೆ, ಖಾರ ಸಿಗುವುದಿಲ್ಲ. ಅಕ್ಕ ಒಯ್ದಿದ್ದ ಚಟ್ನಿಪುಡಿಗೆ ನಾಲ್ಕನೇ ಸಂಜೆಯಿಂದ ಬೇರೆಯವರೂ ತಟ್ಟೆ ಒಡ್ಡತೊಡಗಿದರು.

ಬಿಸಿಲಿನ ಬಗ್ಗೆ ಒಂದು ಎಚ್ಚರಿಕೆ ಕರಾವಳಿಯವರಿಗೆಂದೇ. ಸೆಕೆಯನ್ನು ನಾವು ಬೆವರಿನಿಂದ ಅಳೆಯುತ್ತೇವೆ. ಜೂನ್‌ನಲ್ಲಿ ಕಣಿವೆಯ ತಳದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು, ಆದರೆ ಗಾಳಿ ಎಷ್ಟು ಒಣಗಿದೆಯೆಂದರೆ ಬೆವರು ಮೂಡುವ ಮೊದಲೇ ಆರಿಹೋಗುತ್ತದೆ. ಮೈ ನೀರು ಕಳೆದುಕೊಳ್ಳುತ್ತಿದೆ ಎಂಬ ಸುಳಿವೇ ಸಿಗುವುದಿಲ್ಲ. ಭಾವನಿಗೆ ಒಂದು ಮಧ್ಯಾಹ್ನ ತಲೆಸುತ್ತು ಬಂದದ್ದು ಹೀಗೆಯೇ; ಉಪ್ಪು ಬೆರೆಸಿದ ಪಾನೀಯ ಕುಡಿಸಿ ನೆರಳಲ್ಲಿ ಕೂರಿಸಿದ ಸಿಬ್ಬಂದಿಯ ಚುರುಕುತನ ಮೆಚ್ಚುವಂಥದ್ದು. ಉದ್ದ ತೋಳಿನ ಹತ್ತಿ ಅಂಗಿಯನ್ನು ನದಿಯಲ್ಲಿ ಅದ್ದಿ ಹಾಕಿಕೊಂಡರೆ ತುಂಬಾ ಹಿತ. ನದಿಯ ನೀರು ಮಾತ್ರ ಜಲಾಶಯದ ಆಳದಿಂದ ಬರುವುದರಿಂದ ಅದೇ ಬಿಸಿಲಿನಲ್ಲೂ ಮೈ ಜುಮ್ಮೆನಿಸುವಷ್ಟು ತಣ್ಣಗಿರುತ್ತದೆ, ಬೆಳಗಿನ ರ‍್ಯಾಪಿಡ್‌ಗಳಿಗೆ ಮಳೆಯಂಗಿ ಬೇಕೇ ಬೇಕು. ಕಂಪನಿ ಬಾಡಿಗೆಗೆ ಕೊಟ್ಟ ಮಳೆಯಂಗಿಗಳ ಕುತ್ತಿಗೆಯ ಪಟ್ಟಿ ಸವೆದು ನೀರು ಒಳಗಿಳಿಯುತ್ತಿತ್ತು. ನಮ್ಮ ಮಳೆಗಾಲದ ಗಟ್ಟಿ ರೈನ್‌ಕೋಟನ್ನೇ ಒಯ್ದರೆ ಸಾಕು.

187ನೇ ಮೈಲಿಯ ವಿಟ್‌ಮೋರ್‌ನಲ್ಲಿ ಹೆಲಿಕಾಪ್ಟರ್ ಹತ್ತಿಸಿ ಮೇಲಿನ ರ‍್ಯಾಂಚ್ ಒಂದಕ್ಕೆ ಬಿಟ್ಟು, ಅಲ್ಲಿಂದ ಸಣ್ಣ ವಿಮಾನದಲ್ಲಿ ಕಳುಹಿಸುವುದರೊಂದಿಗೆ ಪ್ರವಾಸ ಮುಗಿಯುತ್ತದೆ. ಇನ್ನು ಹೋಗುವವರಿಗೆ ನನ್ನ ಸಲಹೆ: ಬುಕ್ಕಿಂಗ್ ಒಂದು ವರ್ಷ ಮೊದಲೇ ಮಾಡಬೇಕು, ರದ್ದುಪಡಿಸಿದರೆ ಎಷ್ಟು ಹಣ ಹಿಂತಿರುಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು, ಹೆಲಿಕಾಪ್ಟರ್ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಭರಿಸುವ ಪ್ರವಾಸವಿಮೆ ಇರಲೇಬೇಕು. ಭೂವಿಜ್ಞಾನಿ ಜೊತೆಗಿರುತ್ತಾರೆ ಎಂದರೆ ಎಷ್ಟು ದೋಣಿಗೆ ಎಷ್ಟು ಮಂದಿ ಎಂದು ಕೇಳಿ. ಬ್ಲ್ಯಾಕ್‌ಟೇಲ್ ಮತ್ತು ನಾಟಿಲಾಯ್ಡ್ ನಿಲುಗಡೆಗಳು ಕಾರ್ಯಕ್ರಮದಲ್ಲಿ ಇವೆಯೇ ಎಂದೂ ಕೇಳಿ. ಜುಲೈ, ಆಗಸ್ಟ್‌ನಲ್ಲಿ ಅಡ್ಡಕಣಿವೆಗಳಲ್ಲಿ ಹಠಾತ್ ಪ್ರವಾಹದ ಭಯ ಇರುತ್ತದೆ. ಸೆಪ್ಟೆಂಬರ್ 15ರ ನಂತರ ಎಂಜಿನ್ ದೋಣಿಗಳ ಋತು ಮುಗಿದು ಹುಟ್ಟಿನ ದೋಣಿಗಳಷ್ಟೇ ಹೊರಡುತ್ತವೆ, ಬಿಸಿಲೂ ತಗ್ಗಿರುತ್ತದೆ. ಎರಡು ವಾರ ಬಿಡುವು ಮಾಡಿಕೊಳ್ಳಬಲ್ಲವರು, ಖರ್ಚು ಹೆಚ್ಚಾದರೂ, ಅದನ್ನೇ ಆರಿಸಿಕೊಳ್ಳಿ.